ಸ್ವಾರಸ್ಯದಿಂದ ವಿಶ್ಲೇಷಣೆಗೆ: ಪಶ್ಚಿಮ ತಾಲೂಕುಗಳ ಮೌಖಿಕ ಪರಂಪರೆ ಮತ್ತು ಸಾಹಿತ್ಯ ಬೋಧನೆಯಲ್ಲಿ ಪರಿಚ್ಛೇದದ ರಚನೆ

1

ಸಾಹಿತ್ಯ ಬೋಧನೆಯನ್ನು ಕುರಿತು ಕನ್ನಡದಲ್ಲಿ ನಡೆದಿರುವ ಚರ್ಚೆಗಳು ಬಹುಮಟ್ಟಿಗೆ ಪಠ್ಯದ ಆಯ್ಕೆಗೆ ಸಂಬಂಧಿಸಿದವು. ಯಾವ ಕವಿಗೆ ಸ್ಥಾನ ದೊರೆಯಿತು, ಯಾವ ಪ್ರದೇಶ ಕಡೆಗಣನೆಗೆ ಒಳಗಾಯಿತು, ಯಾವ ವಿಚಾರಧಾರೆ ಪಠ್ಯದಲ್ಲಿ ಮೇಲುಗೈ ಪಡೆಯಿತು ಎಂಬ ಪ್ರಶ್ನೆಗಳು ಮತ್ತೆ ಮತ್ತೆ ಎದ್ದಿವೆ. ಅವು ಅಗತ್ಯವಾದ ಪ್ರಶ್ನೆಗಳೇ. ಆದರೆ ಆಯ್ಕೆಯಾದ ಪಠ್ಯವನ್ನು ಓದಿದ ವಿದ್ಯಾರ್ಥಿಯು ಅದರ ಬಗೆಗೆ ತಾನಾಗಿ ಹತ್ತು ಸಾಲು ಬರೆಯಬೇಕಾದಾಗ ಆ ಸಾಲುಗಳು ಒಂದಕ್ಕೊಂದು ಹೇಗೆ ಹೆಣೆದುಕೊಳ್ಳಬೇಕು ಎಂಬ ಪ್ರಶ್ನೆಗೆ ಅಷ್ಟು ಗಮನ ದೊರೆತಿಲ್ಲ. ಪತ್ರಲೇಖನಕ್ಕೆ, ಪ್ರಬಂಧ ರಚನೆಗೆ, ಗಾದೆಯ ವಿಸ್ತರಣೆಗೆ ಶಾಲೆಯ ವ್ಯಾಕರಣ ಪುಸ್ತಕಗಳಲ್ಲಿ ಜಾಗವಿದೆ. ವಿದ್ಯಾರ್ಥಿಗಳು ‘ಪ್ಯಾರಾ’ ಎಂದು ಕರೆಯುವ ಪರಿಚ್ಛೇದವನ್ನು, ಅದರಲ್ಲಿಯೂ ಒಂದು ಕೃತಿಯ ಬಗೆಗೆ ತೀರ್ಮಾನವೊಂದನ್ನು ಆಧಾರಸಹಿತವಾಗಿ ಮಂಡಿಸುವ ಪರಿಚ್ಛೇದವನ್ನು ಕಟ್ಟುವ ಕ್ರಮವನ್ನು ಮಾತ್ರ ಯಾರೂ ಪ್ರತ್ಯೇಕವಾಗಿ ಕಲಿಸುವುದಿಲ್ಲ. ಅದು ತಾನಾಗಿ ಬರುತ್ತದೆ ಎಂಬ ನಂಬಿಕೆ ರೂಢಿಯಲ್ಲಿದೆ.

ಈ ನಂಬಿಕೆಯನ್ನು ಪರಿಶೀಲಿಸಲು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ಪ್ರದೇಶವು ಸೂಕ್ತವಾದ ಕ್ಷೇತ್ರವಾಗಿದೆ. ಬಳ್ಳಾರಿಯ ಪಶ್ಚಿಮ ತಾಲೂಕುಗಳೆಂದು ರೂಢಿಯಲ್ಲಿ ಕರೆಯಲಾಗುತ್ತಿದ್ದ ಈ ನೆಲ ಮದ್ರಾಸ್ ಆಡಳಿತದಲ್ಲಿದ್ದು, 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯವನ್ನು ಸೇರಿತು. ಹರಪನಹಳ್ಳಿಯು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ ಮುಂದೆ ಬಳ್ಳಾರಿಗೆ ಮರಳಿತು. ಕೂಡ್ಲಿಗಿಯ ಭಾಗವಾಗಿದ್ದ ಕೊಟ್ಟೂರು ಪ್ರತ್ಯೇಕ ತಾಲೂಕಾಯಿತು. 2021ರಲ್ಲಿ ಇವೆಲ್ಲವೂ ವಿಜಯನಗರ ಜಿಲ್ಲೆಯೊಳಗೆ ಬಂದವು. ಆಡಳಿತದ ಗೆರೆಗಳು ಹೀಗೆ ಬದಲಾದರೂ ಇಲ್ಲಿನ ಮಾತಿನ ಲೋಕ ಒಂದೇ ಆಗಿ ಉಳಿದಿದೆ. ಮೈಲಾರದ ಕಾರಣಿಕ, ಕೊಟ್ಟೂರು ಗುರುಬಸವೇಶ್ವರನ ತೇರು, ಉಚ್ಚಂಗಿಯ ಎಲ್ಲಮ್ಮನ ಜಾತ್ರೆ, ಮಠಗಳ ಪುರಾಣ ಪ್ರವಚನ ಮತ್ತು ದೊಡ್ಡಾಟದ ರಂಗಸ್ಥಳಗಳು ಈ ಲೋಕದ ಕೂಡುದಾಣಗಳು. ಮಳೆಯನ್ನು ನಂಬಿದ ಕೃಷಿ, ದುಡಿಮೆಗಾಗಿ ಗುಳೆ ಹೋಗುವ ಕುಟುಂಬಗಳು, ಲಂಬಾಣಿ ತಾಂಡಾಗಳು ಮತ್ತು ಮ್ಯಾಸಬೇಡರ ಹಟ್ಟಿಗಳು ಇರುವ ಈ ಭಾಗದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಅನೇಕರು ತಮ್ಮ ಮನೆಯ ಮೊದಲ ಅಕ್ಷರಸ್ಥರು.

ಇಂತಹ ವಿದ್ಯಾರ್ಥಿಗೆ ವಿಶ್ಲೇಷಣೆ ಬಾರದು ಎಂಬ ಮಾತು ಅಧ್ಯಾಪಕ ವಲಯದಲ್ಲಿ ಆಗಾಗ ಕೇಳಿಬರುತ್ತದೆ. ಈ ಮಾತನ್ನು ಒಪ್ಪುವುದು ಕಷ್ಟ. ವಿಶ್ಲೇಷಣೆಗೆ ಬೇಕಾದ ತರ್ಕದ ಕೊಂಡಿಗಳು ಈ ಪ್ರದೇಶದ ಆಡುಮಾತಿನಲ್ಲಿ ಮತ್ತು ಮೌಖಿಕ ಪ್ರದರ್ಶನಗಳಲ್ಲಿ ಹೇರಳವಾಗಿವೆ. ಅವು ಉತ್ತರಪತ್ರಿಕೆಯನ್ನು ತಲುಪುವ ಮೊದಲೇ ಕಳಚಿಹೋಗುತ್ತವೆ. ಎಲ್ಲಿ ಕಳಚುತ್ತವೆ ಮತ್ತು ಅವುಗಳನ್ನು ಮರಳಿ ಜೋಡಿಸುವುದು ಹೇಗೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

2

ಕನ್ನಡ ತರಗತಿಯಲ್ಲಿ ವಿಶ್ಲೇಷಣಾತ್ಮಕ ಪರಿಚ್ಛೇದಕ್ಕೆ ಅತ್ಯಂತ ಸಮೀಪವಾದ ರೂಪವೆಂದರೆ ‘ಸಂದರ್ಭದೊಂದಿಗೆ ಸ್ವಾರಸ್ಯವನ್ನು ವಿವರಿಸಿ’ ಎಂಬ ಪ್ರಶ್ನೆಗೆ ಬರೆಯುವ ಉತ್ತರ. ಪ್ರೌಢಶಾಲೆಯಿಂದ ಪದವಿಯವರೆಗೆ ಈ ಪ್ರಶ್ನೆ ವಿದ್ಯಾರ್ಥಿಯನ್ನು ಹಿಂಬಾಲಿಸುತ್ತದೆ. ಉತ್ತರಕ್ಕೆ ಸಾಮಾನ್ಯವಾಗಿ ಮೂರು ಅಂಗಗಳು. ವಾಕ್ಯವನ್ನು ಯಾವ ಕವಿಯ ಯಾವ ಕೃತಿಯಿಂದ ಆರಿಸಲಾಗಿದೆ ಎಂದು ತಿಳಿಸುವುದು ‘ಆಯ್ಕೆ’. ಆ ಮಾತನ್ನು ಯಾರು, ಯಾರಿಗೆ, ಯಾವಾಗ ಹೇಳಿದರು ಎಂಬುದು ‘ಸಂದರ್ಭ’. ಆ ಮಾತಿನ ವಿಶೇಷವನ್ನು ತೋರಿಸುವುದು ‘ಸ್ವಾರಸ್ಯ’. ಇಂಗ್ಲಿಷ್ ಸಾಹಿತ್ಯದ ಪರೀಕ್ಷೆಗಳಲ್ಲಿ ಬಳಕೆಯಲ್ಲಿದ್ದ ಸಂದರ್ಭಸಹಿತ ವಿವರಣೆಯ ಪ್ರಶ್ನೆಗೆ ಇದು ಹತ್ತಿರದ ನೆಂಟ. ಅದರ ಜೊತೆಗೆ ಪ್ರತಿಪದಾರ್ಥ, ಅನ್ವಯ, ತಾತ್ಪರ್ಯಗಳನ್ನು ಬಿಡಿಸುವ ಹಳೆಯ ಟೀಕಾ ಪರಂಪರೆಯ ನೆನಪೂ ಇದರಲ್ಲಿ ಬೆರೆತಿದೆ.

ಮೂರು ಅಂಗಗಳಲ್ಲಿ ಮೊದಲ ಎರಡು ನೆನಪಿನ ಕೆಲಸ. ಮೂರನೆಯದು ಮಾತ್ರ ವಿಚಾರದ ಕೆಲಸ. ಆದರೆ ಮಾರ್ಗದರ್ಶಿ ಪುಸ್ತಕಗಳಲ್ಲಿ ಮತ್ತು ಅವುಗಳನ್ನು ಅನುಸರಿಸುವ ಉತ್ತರಗಳಲ್ಲಿ ಸ್ವಾರಸ್ಯದ ಭಾಗವೇ ಅತ್ಯಂತ ಬಡವಾಗಿರುತ್ತದೆ. ಕವಿಯು ಸತ್ಯದ ಮಹತ್ವವನ್ನು ಸ್ವಾರಸ್ಯಪೂರ್ಣವಾಗಿ ಚಿತ್ರಿಸಿದ್ದಾನೆ, ತಾಯಿಯ ಪ್ರೀತಿ ಇಲ್ಲಿ ಮನೋಜ್ಞವಾಗಿ ಮೂಡಿಬಂದಿದೆ, ಸಮಾಜದ ವಾಸ್ತವವು ಮಾರ್ಮಿಕವಾಗಿ ವ್ಯಕ್ತವಾಗಿದೆ ಎಂಬ ಬಗೆಯ ವಾಕ್ಯಗಳು ಯಾವ ಪಠ್ಯಕ್ಕಾದರೂ ಹೊಂದುತ್ತವೆ. ಸ್ವಾರಸ್ಯ ಯಾವುದು ಎಂದು ಕೇಳಿದರೆ ಸ್ವಾರಸ್ಯಪೂರ್ಣವಾಗಿದೆ ಎಂಬ ಉತ್ತರ ಬರುತ್ತದೆ. ಗಾದೆಯ ವಿಸ್ತರಣೆಯಲ್ಲಿಯೂ ಇದೇ ಸ್ಥಿತಿ. ಗಾದೆ ಯಾವುದೇ ಇರಲಿ, ಗಾದೆಗಳು ವೇದಕ್ಕೆ ಸಮಾನ ಎಂಬ ಪೀಠಿಕೆಯಿಂದ ಉತ್ತರ ತೊಡಗುತ್ತದೆ.

ಇಂತಹ ಉತ್ತರಗಳ ವಾಕ್ಯರಚನೆಯನ್ನು ಗಮನಿಸಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಅವುಗಳಲ್ಲಿ ಹೇಳಿಕೆಗಳಿರುತ್ತವೆ, ಹೇಳಿಕೆಗಳ ನಡುವೆ ಕೊಂಡಿಗಳಿರುವುದಿಲ್ಲ. ‘ಏಕೆಂದರೆ’, ‘ಆದ್ದರಿಂದ’, ‘ಹಾಗಿದ್ದರೂ’, ‘ಇದಕ್ಕೆ ಬದಲಾಗಿ’ ಮುಂತಾದ ಪದಗಳು ವಿರಳ. ವಾಕ್ಯಗಳ ಸ್ಥಾನವನ್ನು ಅದಲುಬದಲು ಮಾಡಿದರೂ ಪರಿಚ್ಛೇದಕ್ಕೆ ಧಕ್ಕೆಯಾಗುವುದಿಲ್ಲ. ಗೋಡೆಯ ಒಂದು ಕಲ್ಲನ್ನು ಎಳೆದರೆ ಮೇಲಿನ ಕಲ್ಲು ಅಲುಗಬೇಕು. ಅಲುಗದಿದ್ದರೆ ಅದು ಗೋಡೆಯಲ್ಲ, ಕಲ್ಲಿನ ರಾಶಿ. ವಿದ್ಯಾರ್ಥಿಯ ಪರಿಚ್ಛೇದವನ್ನು ಪರೀಕ್ಷಿಸಲು ಇದಕ್ಕಿಂತ ಸರಳವಾದ ಅಳತೆಗೋಲು ಬೇರೆ ಬೇಕಿಲ್ಲ.

3

ವಾದವನ್ನು ಅಂಗಾಂಗಗಳಾಗಿ ಬಿಡಿಸಿ ಕಲಿಸುವುದು ಪಶ್ಚಿಮದ ಶಾಲೆಗಳಿಂದ ಬಂದ ಹೊಸ ತಂತ್ರವೆಂದು ಭಾವಿಸಬೇಕಾಗಿಲ್ಲ. ಇಂದು ಇಂಗ್ಲಿಷ್ ಮಾಧ್ಯಮದ ಶಾಲೆಗಳಲ್ಲಿ ‘ಪೀಲ್’ ಎಂಬ ಸೂತ್ರ ಬಳಕೆಯಲ್ಲಿದೆ. ಒಂದು ಅಂಶವನ್ನು ಹೇಳಿ, ಪಠ್ಯದಿಂದ ಆಧಾರ ಕೊಟ್ಟು, ಆ ಆಧಾರವನ್ನು ವಿವರಿಸಿ, ಮೂಲ ಪ್ರಶ್ನೆಗೆ ಜೋಡಿಸಬೇಕೆಂಬುದು ಅದರ ಸಾರ. ಭಾರತೀಯ ನ್ಯಾಯಶಾಸ್ತ್ರವು ಪರರಿಗೆ ಮನಗಾಣಿಸುವ ಅನುಮಾನಕ್ಕೆ ಐದು ಅವಯವಗಳನ್ನು ಬಹಳ ಹಿಂದೆಯೇ ಗುರುತಿಸಿದೆ. ಬೆಟ್ಟದಲ್ಲಿ ಬೆಂಕಿ ಇದೆ ಎನ್ನುವುದು ಪ್ರತಿಜ್ಞೆ. ಹೊಗೆ ಇರುವುದರಿಂದ ಎನ್ನುವುದು ಹೇತು. ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ, ಅಡುಗೆಮನೆಯಲ್ಲಿರುವಂತೆ ಎನ್ನುವುದು ಉದಾಹರಣೆ. ಈ ಬೆಟ್ಟದಲ್ಲಿಯೂ ಅಂತಹುದೇ ಹೊಗೆ ಇದೆ ಎಂದು ಪ್ರಕೃತಕ್ಕೆ ಅನ್ವಯಿಸುವುದು ಉಪನಯ. ಆದ್ದರಿಂದ ಬೆಟ್ಟದಲ್ಲಿ ಬೆಂಕಿ ಇದೆ ಎನ್ನುವುದು ನಿಗಮನ. ಈ ಐದರಲ್ಲಿ ಕನ್ನಡ ವಿದ್ಯಾರ್ಥಿಯ ಉತ್ತರದಲ್ಲಿ ಕಾಣಸಿಗುವುದು ಪ್ರತಿಜ್ಞೆ ಮತ್ತು ನಿಗಮನ ಮಾತ್ರ. ಎರಡೂ ಒಂದೇ ಮಾತಾದ್ದರಿಂದ ಉತ್ತರವು ಹೊರಟ ಕಡೆಗೇ ಬಂದು ನಿಲ್ಲುತ್ತದೆ.

ಕಾವ್ಯವಿಚಾರದ ಪರಂಪರೆಯೂ ಇಲ್ಲಿ ನೆರವಿಗೆ ಬರುತ್ತದೆ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ಕಾವ್ಯದ ದೋಷಗಳನ್ನು ಹೆಸರಿಸಿ ಸುಮ್ಮನಾಗುವುದಿಲ್ಲ. ದೋಷವಿರುವ ಪದ್ಯವನ್ನು ಮುಂದಿಟ್ಟು, ಅದನ್ನು ತಿದ್ದಿದರೆ ಹೇಗಿರುತ್ತದೆ ಎಂಬುದನ್ನೂ ಉದಾಹರಿಸುತ್ತದೆ. ಲಕ್ಷಣದ ಮಾತು ಲಕ್ಷ್ಯದ ಎದುರಿನಲ್ಲಿಯೇ ನಡೆಯುತ್ತದೆ. ಕನ್ನಡದ ಮೊದಲ ಉಪಲಬ್ಧ ಕೃತಿಯಲ್ಲಿಯೇ ಇರುವ ಈ ಶಿಸ್ತನ್ನು ಅದರ ಚರಿತ್ರೆಯನ್ನು ಬಾಯಿಪಾಠ ಮಾಡುವ ತರಗತಿಯು ರೂಢಿಸಿಕೊಂಡಿಲ್ಲ.

ಹಾಗೆಂದು ಸಿದ್ಧ ಮಾತಿನ ಮೊರೆಹೋಗುವುದು ಹಳ್ಳಿಯ ವಿದ್ಯಾರ್ಥಿಯ ದೌರ್ಬಲ್ಯ ಮಾತ್ರವೆಂದು ತಿಳಿಯಬಾರದು. ಐ.ಎ. ರಿಚರ್ಡ್ಸ್ ಕೇಂಬ್ರಿಜ್‌ನ ವಿದ್ಯಾರ್ಥಿಗಳಿಗೆ ಕವಿಯ ಹೆಸರನ್ನು ಮರೆಮಾಡಿ ಕವಿತೆಗಳನ್ನು ಕೊಟ್ಟು, ಅವರು ಬರೆದ ಪ್ರತಿಕ್ರಿಯೆಗಳನ್ನು 1929ರ ತನ್ನ ‘ಪ್ರಾಕ್ಟಿಕಲ್ ಕ್ರಿಟಿಸಿಸಂ’ ಗ್ರಂಥದಲ್ಲಿ ಪರಿಶೀಲಿಸಿದನು. ಉತ್ತಮ ಶಿಕ್ಷಣ ಪಡೆದ ಆ ಓದುಗರು ಕೂಡ ಎದುರಿನ ಸಾಲುಗಳನ್ನು ಬಿಟ್ಟು ತಮ್ಮಲ್ಲಿ ಮೊದಲೇ ಇದ್ದ ಭಾವನೆಗಳಿಗೆ ಉತ್ತರ ಕೊಡುತ್ತಿದ್ದರೆಂಬುದು ಅವನ ಮುಖ್ಯ ಶೋಧನೆಗಳಲ್ಲಿ ಒಂದು. ಸಿದ್ಧ ಪ್ರತಿಕ್ರಿಯೆ ಎಂಬ ಈ ರೋಗ ಕೂಡ್ಲಿಗಿಗೂ ಕೇಂಬ್ರಿಜ್‌ಗೂ ಸಮಾನವಾದುದು. ಔಷಧವನ್ನು ಮಾತ್ರ ಆಯಾ ನೆಲದಲ್ಲಿ ಹುಡುಕಬೇಕಾಗುತ್ತದೆ.

4

ಪಶ್ಚಿಮ ತಾಲೂಕುಗಳ ಮೌಖಿಕ ಪರಂಪರೆಯಲ್ಲಿ ಅರ್ಥ ಹೇಳುವ ಮೂರು ಸಂದರ್ಭಗಳನ್ನು ಇಲ್ಲಿ ವಿಶೇಷವಾಗಿ ಪರಿಶೀಲಿಸಬಹುದು.

ಮೊದಲನೆಯದು ಪುರಾಣ. ಶ್ರಾವಣ ಮಾಸದಲ್ಲಿ ಮಠ, ಗುಡಿಗಳಲ್ಲಿ ಪುರಾಣ ಹಚ್ಚುವ ವಾಡಿಕೆ ಈ ಭಾಗದಲ್ಲಿ ಬೇರೂರಿದೆ. ಚಾಮರಸನ ‘ಪ್ರಭುಲಿಂಗಲೀಲೆ’ಯಂತಹ ಕಾವ್ಯವನ್ನು ಒಬ್ಬರು ರಾಗವಾಗಿ ಓದಿದರೆ ಇನ್ನೊಬ್ಬರು ಅದರ ಅರ್ಥವನ್ನು ಬಿಡಿಸುತ್ತಾರೆ. ಪದ್ಯ ಮುಗಿದೊಡನೆ ಅರ್ಥ, ಅರ್ಥದ ಬೆನ್ನಿಗೆ ದೃಷ್ಟಾಂತ, ದೃಷ್ಟಾಂತದಿಂದ ಮತ್ತೆ ಪದ್ಯಕ್ಕೆ ಎಂಬ ನಡೆ ಇದರಲ್ಲಿದೆ. ದೃಷ್ಟಾಂತವು ಎಷ್ಟು ದೂರ ಹೋದರೂ ಓದುವವರು ಮುಂದಿನ ಪದ್ಯವನ್ನು ಎತ್ತಿಕೊಳ್ಳುವ ಮುನ್ನ ಅರ್ಥಕಾರರು ಕಾವ್ಯಕ್ಕೆ ಹಿಂದಿರುಗಲೇಬೇಕು. ಪಠ್ಯವು ಕಾಯುತ್ತಿರುತ್ತದೆ. ಆದರೆ ಪುರಾಣದ ಅರ್ಥವು ಗೌರವದ ಅರ್ಥ. ಅಲ್ಲಿ ಕಾವ್ಯವನ್ನು ಪ್ರಶ್ನಿಸಲು ಅವಕಾಶ ಕಡಿಮೆ. ತರಗತಿಯ ಪಾಠ ಬಹುತೇಕ ಈ ಮಾದರಿಯಲ್ಲಿಯೇ ನಡೆಯುತ್ತದೆ ಮತ್ತು ಇದರ ಮಿತಿಯನ್ನೂ ಉಳಿಸಿಕೊಂಡಿದೆ.

ಎರಡನೆಯದು ದೊಡ್ಡಾಟದ ಸಾರಥಿ. ರಂಗವನ್ನು ಪ್ರವೇಶಿಸುವ ಪಾತ್ರ ರಾಜನಾಗಿರಲಿ ರಾಕ್ಷಸನಾಗಿರಲಿ, ಸಾರಥಿಯ ಪ್ರಶ್ನೆಗಳಿಗೆ ಉತ್ತರ ಕೊಟ್ಟ ಮೇಲೆಯೇ ಕಥೆ ಮುಂದುವರಿಯುತ್ತದೆ. ನೀವು ಯಾರು, ಯಾವ ಊರಿನವರು, ನಿಮ್ಮ ನಾಮಾಂಕಿತವೇನು, ಈ ಸಭೆಗೆ ಬಂದ ಕಾರಣವೇನು ಎಂದು ಅವನು ಕೇಳುತ್ತಾನೆ. ಪಾತ್ರವು ತನ್ನ ಹಿರಿಮೆಯನ್ನು ಕೊಚ್ಚಿಕೊಂಡರೆ ಸಾರಥಿ ಅದನ್ನು ಕೆಣಕುತ್ತಾನೆ, ಕೆಲವೊಮ್ಮೆ ಹಾಸ್ಯದಿಂದ ನೆಲಕ್ಕೆ ಇಳಿಸುತ್ತಾನೆ. ಪ್ರೇಕ್ಷಕರ ಪರವಾಗಿ ಪ್ರಶ್ನಿಸುವ ಅಧಿಕಾರ ಅವನದು. ಪರಿಚ್ಛೇದದ ಪ್ರತಿಯೊಂದು ಹೇಳಿಕೆಯನ್ನೂ ರಂಗಕ್ಕೆ ಬಂದ ಪಾತ್ರವೆಂದು ಭಾವಿಸಿದರೆ, ಸಾರಥಿಯು ಅದಕ್ಕೆ ಕೇಳಬಹುದಾದ ಪ್ರಶ್ನೆಗಳು ಹೀಗಿರುತ್ತವೆ: ಈ ಮಾತು ಎಲ್ಲಿಂದ ಬಂತು? ಪಠ್ಯದಲ್ಲಿ ಇದಕ್ಕೆ ಸಾಕ್ಷಿ ಯಾವುದು? ಆ ಸಾಕ್ಷಿಯಿಂದ ಇದೇ ಅರ್ಥ ಏಕೆ ಹೊರಡಬೇಕು? ಇಲ್ಲಿಗೆ ಇದು ಬಂದ ಕಾರಣವೇನು? ಪುರಾಣದ ಮಾದರಿಯಲ್ಲಿ ಇಲ್ಲದ ಸಂದೇಹವನ್ನು ಸಾರಥಿ ಒದಗಿಸುತ್ತಾನೆ.

ಮೂರನೆಯದು ಕಾರಣಿಕ. ಹೂವಿನಹಡಗಲಿ ತಾಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಯ ಸಂದರ್ಭದಲ್ಲಿ ಗೊರವಯ್ಯನು ಡೆಂಕನಮರಡಿಯಲ್ಲಿ ಬಿಲ್ಲನ್ನೇರಿ ಒಂದು ಚಿಕ್ಕ ವಾಕ್ಯವನ್ನು ನುಡಿಯುತ್ತಾನೆ. ನೆರೆದ ಅಪಾರ ಜನಸ್ತೋಮ ಆ ಕ್ಷಣದಲ್ಲಿ ಮೌನವಾಗಿ ಅದನ್ನು ಆಲಿಸುತ್ತದೆ. ನುಡಿ ಮುಗಿದ ಮರುಕ್ಷಣದಿಂದಲೇ ಅದರ ವ್ಯಾಖ್ಯಾನ ಆರಂಭವಾಗುತ್ತದೆ. ರೈತರು ಅದರಲ್ಲಿ ಮಳೆ, ಬೆಳೆಗಳ ಸೂಚನೆಯನ್ನು ಕಾಣುತ್ತಾರೆ. ವ್ಯಾಪಾರಿಗಳು ದರದ ಏರಿಳಿತವನ್ನು, ರಾಜಕಾರಣದಲ್ಲಿ ಆಸಕ್ತಿಯುಳ್ಳವರು ಅಧಿಕಾರದ ಪಲ್ಲಟವನ್ನು ಕಾಣುತ್ತಾರೆ. ಕೆಲವೇ ಪದಗಳಿಂದ ಇಷ್ಟು ಅರ್ಥಗಳು ಹೊರಡುವುದಕ್ಕೆ ಆ ನುಡಿಯ ರೂಪಕ ಸ್ವಭಾವವೇ ಕಾರಣ. ವ್ಯಾಖ್ಯಾನಿಸುವವರು ಆ ಪದಗಳನ್ನು ಬದಲಿಸುವಂತಿಲ್ಲ, ಸೇರಿಸುವಂತಿಲ್ಲ. ಯಾವ ಅರ್ಥ ಹೇಳಿದರೂ ಯಾವ ಪದದಿಂದ ಆ ಅರ್ಥ ಹೊರಟಿತೆಂದು ಕೇಳುವವರು ಸುತ್ತ ಇರುತ್ತಾರೆ. ಮಾತಿಗೆ ಮರಳುವ ಈ ಶಿಸ್ತು ಸಾಹಿತ್ಯ ವಿಶ್ಲೇಷಣೆಯ ಮೂಲ ಶಿಸ್ತೂ ಆಗಿದೆ.

ಈ ಹೋಲಿಕೆಯನ್ನು ಅತಿಯಾಗಿ ಎಳೆಯಬಾರದು. ಕಾರಣಿಕದ ಅರ್ಥವನ್ನು ಮುಂದಿನ ವರ್ಷದ ಮಳೆ ಮತ್ತು ಸಂಗತಿಗಳು ನಿಜ ಮಾಡುತ್ತವೆ ಅಥವಾ ಸುಳ್ಳಾಗಿಸುತ್ತವೆ. ಎಷ್ಟೋ ಬಾರಿ ಘಟನೆ ನಡೆದ ಮೇಲೆ ನುಡಿಯನ್ನು ಅದಕ್ಕೆ ಹೊಂದಿಸಲಾಗುತ್ತದೆ. ಸಾಹಿತ್ಯ ಕೃತಿಯ ಅರ್ಥಕ್ಕೆ ಅಂತಹ ಹೊರಗಿನ ಸಾಕ್ಷಿ ದೊರೆಯುವುದಿಲ್ಲ. ಅದನ್ನು ಕೃತಿಯೊಳಗಿನ ವಿವರಗಳೇ ಹೊರಬೇಕು. ಮೌಖಿಕ ಪರಂಪರೆಯನ್ನು ವೈಭವೀಕರಿಸಿ ಅದರಲ್ಲಿ ಆಧುನಿಕ ವಿಮರ್ಶೆಯೆಲ್ಲವೂ ಅಡಗಿದೆ ಎಂದು ಹೇಳುವುದು ಇನ್ನೊಂದು ಬಗೆಯ ಸಿದ್ಧ ಪ್ರತಿಕ್ರಿಯೆಯಾದೀತು. ಇಲ್ಲಿಯ ವಾದ ಅಷ್ಟು ದೊಡ್ಡದಲ್ಲ. ಅರ್ಥ ಹೇಳುವುದು, ಅರ್ಥವನ್ನು ಪ್ರಶ್ನಿಸುವುದು, ಮೂಲ ಮಾತಿಗೆ ಮರಳುವುದು ಎಂಬ ಮೂರು ರೂಢಿಗಳು ಈ ವಿದ್ಯಾರ್ಥಿಗೆ ಕಿವಿಯಿಂದಲೇ ಪರಿಚಿತವಾಗಿವೆ ಎಂಬುದಷ್ಟೇ ಅದರ ಸಾರ.

5

ಈ ರೂಢಿಗಳನ್ನು ಬರವಣಿಗೆಗೆ ತರುವ ಬಗೆಯನ್ನು ಎರಡು ಉದಾಹರಣೆಗಳಿಂದ ಸ್ಪಷ್ಟಪಡಿಸಬಹುದು. ಮಾದರಿ ಉತ್ತರಗಳನ್ನು ಇಲ್ಲಿ ಚರ್ಚೆಗಾಗಿಯೇ ರಚಿಸಲಾಗಿದೆ.

‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬ ಗಾದೆಯ ವಿಸ್ತರಣೆ ಸಾಮಾನ್ಯವಾಗಿ ಹೀಗಿರುತ್ತದೆ: ಗಾದೆಗಳು ವೇದಕ್ಕೆ ಸಮಾನ. ಹಿತಮಿತವಾದ ಊಟ ಆರೋಗ್ಯಕ್ಕೆ ಒಳ್ಳೆಯದು. ಹಾಗೆಯೇ ಮಾತು ಕಡಿಮೆ ಆಡಬೇಕು. ನಾವೆಲ್ಲರೂ ಇದನ್ನು ಪಾಲಿಸಬೇಕು.

ಇಲ್ಲಿಗೆ ಸಾರಥಿಯನ್ನು ಕರೆದರೆ ಮೊದಲ ಪ್ರಶ್ನೆಯಲ್ಲಿಯೇ ತೊಡಕು ಎದುರಾಗುತ್ತದೆ. ಮಾತು ಕಡಿಮೆ ಆಡಬೇಕೆಂದು ಗಾದೆಯ ಯಾವ ಪದ ಹೇಳುತ್ತದೆ? ಯಾವುದೂ ಹೇಳುವುದಿಲ್ಲ. ಗಾದೆಯಲ್ಲಿರುವ ಪದ ‘ಬಲ್ಲವ’. ಈ ಪದಕ್ಕೆ ಮರಳಿದರೆ ಪರಿಚ್ಛೇದದ ದಿಕ್ಕು ಬದಲಾಗುತ್ತದೆ: ಈ ಗಾದೆಯು ಊಟ ಮತ್ತು ಮಾತು ಎರಡನ್ನೂ ಕಲಿಯಬೇಕಾದ ವಿದ್ಯೆಗಳೆಂದು ಭಾವಿಸುತ್ತದೆ. ಏಕೆಂದರೆ ಎರಡು ಭಾಗಗಳಲ್ಲಿಯೂ ‘ಬಲ್ಲವ’ ಎಂಬ ಒಂದೇ ಪದ ಬಂದಿದೆ. ಉಣ್ಣದವನಿಗೆ ರೋಗವಿಲ್ಲ, ಮಾತಾಡದವನಿಗೆ ಜಗಳವಿಲ್ಲ ಎಂದು ಅದು ಹೇಳುವುದಿಲ್ಲ. ಆದ್ದರಿಂದ ಇದನ್ನು ಮೌನದ ಉಪದೇಶವೆಂದು ಓದಲಾಗದು. ಊಟವು ಬಾಯಿಯ ಮೂಲಕ ಒಳಹೋಗುತ್ತದೆ, ಮಾತು ಅದೇ ಬಾಯಿಯಿಂದ ಹೊರಬರುತ್ತದೆ. ಹೊಟ್ಟೆಯ ಅನುಭವ ಎಲ್ಲರಿಗೂ ಗೊತ್ತಿರುವುದರಿಂದ ಗಾದೆ ಅದನ್ನು ಮೊದಲು ಇಟ್ಟು, ಅದರ ಬಲದಿಂದ ಎರಡನೆಯ ಮಾತನ್ನು ನಂಬಿಸುತ್ತದೆ. ಹಾಗಿದ್ದರೂ ಅನ್ಯಾಯವನ್ನು ಎದುರಿಸಲು ಜಗಳ ಅಗತ್ಯವಾದಾಗ ಬಲ್ಲವನು ಏನು ಮಾಡಬೇಕೆಂಬ ಪ್ರಶ್ನೆಯನ್ನು ಗಾದೆ ಎತ್ತುವುದಿಲ್ಲ.

ಈ ಪರಿಚ್ಛೇದದಲ್ಲಿ ಪಾಂಡಿತ್ಯವೇನೂ ಇಲ್ಲ. ಇದನ್ನು ಬರೆಯಲು ಯಾವ ಗ್ರಂಥಾಲಯವೂ ಬೇಕಿಲ್ಲ. ಒಂದು ಪದ ಎರಡು ಸಲ ಬಂದಿದೆ ಎಂಬುದನ್ನು ಕಂಡುಕೊಂಡರೆ ಸಾಕು, ಉಳಿದ ವಾಕ್ಯಗಳು ಅದಕ್ಕೆ ಅಂಟಿಕೊಂಡು ಬರುತ್ತವೆ. ಒಂದು ವಾಕ್ಯವನ್ನು ತೆಗೆದರೆ ಮುಂದಿನದು ಅಲುಗುತ್ತದೆ.

ಎರಡನೆಯ ಉದಾಹರಣೆ ಎಲ್ಲರಿಗೂ ಪರಿಚಿತವಾದ ‘ಗೋವಿನ ಹಾಡು’. ಪುಣ್ಯಕೋಟಿಯ ಸತ್ಯನಿಷ್ಠೆಯಿಂದ ಹುಲಿಯ ಮನಸ್ಸು ಕರಗಿತು, ಸತ್ಯಕ್ಕೆ ಜಯವಿದೆ ಎಂಬುದು ಇದರ ಸಿದ್ಧ ಸ್ವಾರಸ್ಯ. ಹಾಡಿನ ವಿವರಗಳಿಗೆ ಮರಳಿದರೆ ಬೇರೊಂದು ಅಂಶ ಎದುರಾಗುತ್ತದೆ. ಹುಲಿಯ ಬಳಿಗೆ ಹಿಂದಿರುಗುವ ಮೊದಲು ಪುಣ್ಯಕೋಟಿಯು ತನ್ನ ಕರುವನ್ನು ದೊಡ್ಡಿಯ ಇತರ ಹಸುಗಳಿಗೆ ಒಪ್ಪಿಸುತ್ತದೆ. ಕಥೆಯ ಓಟಕ್ಕೆ ಈ ಭಾಗ ಅನಿವಾರ್ಯವಲ್ಲ. ತಾಯಿ ಹಾಲುಣಿಸಿ ನೇರವಾಗಿ ಹಿಂದಿರುಗಿದ್ದರೂ ಸತ್ಯ ಉಳಿಯುತ್ತಿತ್ತು. ಆದರೂ ಹಾಡು ಇಲ್ಲಿ ನಿಲ್ಲುತ್ತದೆ. ಏಕೆಂದರೆ ಒಬ್ಬಳು ಕೊಟ್ಟ ಮಾತಿನ ಭಾರವನ್ನು ಉಳಿದವರೂ ಹೊರಬೇಕಾಗುತ್ತದೆ ಎಂಬುದನ್ನು ಅದು ಬಲ್ಲದು. ಸತ್ಯವು ಇಲ್ಲಿ ಒಬ್ಬರ ಗುಣವಾಗಿರುವಷ್ಟೇ ಒಂದು ಬಳಗದ ಹೊಣೆಯೂ ಆಗಿದೆ. ಕೊನೆಯಲ್ಲಿ ಹುಲಿ ಪ್ರಾಣ ಬಿಡುತ್ತದೆ. ಅದು ಬದಲಾದ ಹುಲಿಯಾಗಿ ಬದುಕಿ ಉಳಿಯುವುದಿಲ್ಲ. ಹಾಗಾಗಿ ಸತ್ಯವು ಕ್ರೌರ್ಯವನ್ನು ಪಳಗಿಸುತ್ತದೆ ಎಂಬ ಸರಳ ತೀರ್ಮಾನವನ್ನೂ ಹಾಡು ಪೂರ್ತಿಯಾಗಿ ಬೆಂಬಲಿಸುವುದಿಲ್ಲ.

ಈ ಓದನ್ನು ಒಪ್ಪಲೇಬೇಕೆಂದಿಲ್ಲ. ಹಸುಗಳಿಗೆ ಕರುವನ್ನು ಒಪ್ಪಿಸುವುದು ಕರುಣರಸವನ್ನು ಹೆಚ್ಚಿಸಲು ಬಳಸಿದ ತಂತ್ರವಷ್ಟೇ ಎಂದು ಇನ್ನೊಬ್ಬ ವಿದ್ಯಾರ್ಥಿ ವಾದಿಸಬಹುದು. ಆದರೆ ಹಾಗೆ ವಾದಿಸಲು ಅವನೂ ಅದೇ ಸಾಲುಗಳಿಗೆ ಹೋಗಬೇಕಾಗುತ್ತದೆ. ಸತ್ಯಕ್ಕೆ ಜಯವಿದೆ ಎಂಬ ಮಾತಿನೊಡನೆ ಯಾರೂ ಜಗಳವಾಡಲಾರರು. ಜಗಳಕ್ಕೆ ಆಸ್ಪದವಿಲ್ಲದ ಮಾತು ವಿಶ್ಲೇಷಣೆಯಾಗಲಾರದು.

6

ತರಗತಿಯಲ್ಲಿ ಇದನ್ನು ರೂಢಿಸಲು ಕೆಲವು ಕ್ರಮಗಳನ್ನು ಸೂಚಿಸಬಹುದು. ಬರೆಯುವ ಮುನ್ನ ಮಾತಾಡಿಸುವುದು ಮೊದಲನೆಯದು. ಈ ಭಾಗದ ವಿದ್ಯಾರ್ಥಿಯು ತನ್ನ ಮಾತಿನಲ್ಲಿ ‘ಯಾಕಂದ್ರ’, ‘ಅದಕ್ಕ’, ‘ಹಂಗಾದ್ರ’, ‘ಆದ್ರೂ’ ಎಂಬ ಕೊಂಡಿಗಳನ್ನು ಸಹಜವಾಗಿ ಬಳಸುತ್ತಾನೆ. ಲೇಖನಿ ಹಿಡಿದೊಡನೆ ಆಡುಮಾತಿನೊಡನೆ ಅವೂ ಬಿದ್ದುಹೋಗುತ್ತವೆ. ಗ್ರಾಂಥಿಕ ಕನ್ನಡದ ಕ್ರಿಯಾಪದಗಳನ್ನು, ವಿಶೇಷಣಗಳನ್ನು ಅವನು ಕಲಿಯುತ್ತಾನೆ, ಕೊಂಡಿಗಳನ್ನು ಕಲಿಯುವುದಿಲ್ಲ. ಮನೆಯಲ್ಲಿ ಲಂಬಾಣಿಯನ್ನೋ ತೆಲುಗನ್ನೋ ಉರ್ದುವನ್ನೋ ಆಡುವ ವಿದ್ಯಾರ್ಥಿಗೆ ಈ ಅಂತರ ಇನ್ನೂ ಹೆಚ್ಚು. ಮೊದಲು ಬಾಯಲ್ಲಿ ವಾದಿಸಿ, ಆ ವಾದದ ಕೊಂಡಿಗಳನ್ನು ಕಪ್ಪುಹಲಗೆಯ ಮೇಲೆ ಗುರುತು ಮಾಡಿ, ಅನಂತರ ಅವನ್ನು ಗ್ರಾಂಥಿಕ ರೂಪಕ್ಕೆ ತರುವುದರಿಂದ ತರ್ಕವು ಉಳಿಯುತ್ತದೆ. ಕೊಟ್ಟೂರಿನಲ್ಲಿ 1953ರಲ್ಲಿ ಜನಿಸಿದ ಕುಂ. ವೀರಭದ್ರಪ್ಪನವರು ಈ ನೆಲದ ಮಾತನ್ನು ಕಾದಂಬರಿಯ ಭಾಷೆಯನ್ನಾಗಿಸಿದ್ದಾರೆ. ಅವರ ‘ಅರಮನೆ’ಗೆ 2007ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ದೊರೆತಿದೆ. ಅಂತಹ ಮಾತನ್ನು ತರಗತಿಯು ತಪ್ಪುಗಳ ಪಟ್ಟಿಯಲ್ಲಿ ಇಡುವುದು ವಿಪರ್ಯಾಸ.

ಎರಡನೆಯದು ಸಾರಥಿಯ ಪಾತ್ರವನ್ನು ಸರದಿಯ ಮೇಲೆ ವಿದ್ಯಾರ್ಥಿಗಳಿಗೆ ವಹಿಸುವುದು. ಒಬ್ಬರು ತಮ್ಮ ಪರಿಚ್ಛೇದವನ್ನು ಓದಿದರೆ ಇನ್ನೊಬ್ಬರು ಪ್ರತಿ ವಾಕ್ಯಕ್ಕೆ ಎಲ್ಲಿ, ಹೇಗೆ, ಏಕೆ ಎಂದು ಕೇಳಬೇಕು. ಅಧ್ಯಾಪಕರ ಪ್ರಶ್ನೆಗೆ ಅಂಜುವ ವಿದ್ಯಾರ್ಥಿಯು ಸಹಪಾಠಿಯ ಪ್ರಶ್ನೆಗೆ ಸುಲಭವಾಗಿ ಉತ್ತರಿಸುತ್ತಾನೆ. ಮೂರನೆಯದು ಪ್ರಶ್ನೆಪತ್ರಿಕೆಯ ಸುಧಾರಣೆ. ಸ್ವಾರಸ್ಯದ ಭಾಗದಲ್ಲಿ ಪಠ್ಯದ ಒಂದು ಪದವನ್ನಾದರೂ ಆಧಾರವಾಗಿ ಚರ್ಚಿಸಿದ ಉತ್ತರಕ್ಕೆ ಹೆಚ್ಚಿನ ಅಂಕ ನೀಡುವುದಾದರೆ ಮಾರ್ಗದರ್ಶಿ ಪುಸ್ತಕಗಳೂ ಬದಲಾಗಬೇಕಾಗುತ್ತದೆ. ಪರೀಕ್ಷೆ ಬದಲಾಗದೆ ತರಗತಿ ಬದಲಾಗುವುದೆಂದು ನಿರೀಕ್ಷಿಸುವುದು ವ್ಯರ್ಥ.

ಇದಕ್ಕೆ ಎರಡು ಆಕ್ಷೇಪಗಳು ಬರಬಹುದು. ಸೂತ್ರಬದ್ಧ ಬರವಣಿಗೆ ರಸಾನುಭವವನ್ನು ಕೊಲ್ಲುತ್ತದೆ ಎಂಬುದು ಒಂದು. ಈ ಭಯ ನಿರಾಧಾರವಲ್ಲ. ಪೀಲ್ ಸೂತ್ರವಾಗಲಿ ಪಂಚಾವಯವವಾಗಲಿ ಯಾಂತ್ರಿಕವಾದರೆ ಹೊಸ ಮಾರ್ಗದರ್ಶಿ ಪುಸ್ತಕವಾಗಿಬಿಡುತ್ತದೆ. ಆದರೆ ಈಗಿರುವ ಸ್ವಾರಸ್ಯದ ಉತ್ತರವೂ ಸೂತ್ರವೇ, ಅದೂ ಟೊಳ್ಳಾದ ಸೂತ್ರ. ರಸವು ಯಾವ ವಿವರದಿಂದ ಹುಟ್ಟಿತೆಂದು ತೋರಿಸುವುದರಿಂದ ಅದು ಕೆಡುತ್ತದೆ ಎನ್ನುವುದಕ್ಕೆ ಆಧಾರವಿಲ್ಲ. ತರಗತಿಯಲ್ಲಿ ವಿದ್ಯಾರ್ಥಿಗಳ ಸಂಖ್ಯೆ ಹೆಚ್ಚು, ಸಮಯ ಕಡಿಮೆ ಎಂಬುದು ಎರಡನೆಯ ಆಕ್ಷೇಪ. ಇದು ನಿಜವಾದ ಕಷ್ಟ. ಸೆಮಿಸ್ಟರ್ ವ್ಯವಸ್ಥೆಯ ಅವಸರದಲ್ಲಿ ಪಠ್ಯ ಮುಗಿಸುವುದೇ ಸಾಹಸವಾಗಿರುವಾಗ ಪ್ರತಿಯೊಬ್ಬರ ಪರಿಚ್ಛೇದವನ್ನು ತಿದ್ದಲು ಸಾಧ್ಯವಾಗದು. ಸಹಪಾಠಿಗಳೇ ಪರಸ್ಪರ ಪ್ರಶ್ನಿಸುವ ಕ್ರಮಕ್ಕೆ ಇಲ್ಲಿ ಒತ್ತು ಕೊಟ್ಟಿರುವುದು ಈ ಕಾರಣಕ್ಕಾಗಿಯೇ.

7

ಪರಿಚ್ಛೇದದ ಪ್ರಶ್ನೆ ಪರೀಕ್ಷೆಯ ಅಂಕಗಳಿಗೆ ಸೀಮಿತವಾದುದಲ್ಲ. ಅದರ ಪರಿಣಾಮ ಸಂಶೋಧನೆಯವರೆಗೆ ಚಾಚಿದೆ. 1931ರಲ್ಲಿ ಪ್ರಕಟವಾದ ‘ಗರತಿಯ ಹಾಡು’ ಸಂಕಲನದಿಂದ ತೊಡಗಿ ಕನ್ನಡ ಜಾನಪದವು ಅಪಾರ ಸಂಗ್ರಹವನ್ನು ಕಟ್ಟಿದೆ. 1991ರಲ್ಲಿ ಸ್ಥಾಪನೆಯಾದ ಹಂಪಿ ಕನ್ನಡ ವಿಶ್ವವಿದ್ಯಾಲಯವು ಈ ತಾಲೂಕುಗಳ ಮಗ್ಗುಲಲ್ಲಿಯೇ ಇದ್ದು, ಇಲ್ಲಿನ ಅನೇಕ ವಿದ್ಯಾರ್ಥಿಗಳು ತಮ್ಮದೇ ಸಮುದಾಯಗಳ ಹಾಡು, ಕಾವ್ಯ, ಆಚರಣೆಗಳ ಸಂಶೋಧಕರಾಗಲು ದಾರಿ ತೆರೆದಿದೆ. ಇದು ಸಾಮಾನ್ಯ ಸಾಧನೆಯಲ್ಲ. ಆದರೆ ಜಾನಪದ ಪ್ರೌಢಪ್ರಬಂಧಗಳಲ್ಲಿ ಪದೇ ಪದೇ ಕಾಣುವ ಒಂದು ಕ್ರಮವನ್ನು ಇಲ್ಲಿ ಹೆಸರಿಸಬೇಕಾಗುತ್ತದೆ. ಒಂದು ಹಾಡನ್ನು ಕೊಟ್ಟು, ಅದರ ಸಾರಾಂಶ ಬರೆದು, ಇದರಿಂದ ಜನಪದರ ಜೀವನದೃಷ್ಟಿ ವ್ಯಕ್ತವಾಗುತ್ತದೆ ಎಂದು ಹೇಳಿ ಮುಂದಿನ ಹಾಡಿಗೆ ಹೋಗುವುದು ಆ ಕ್ರಮ. ಪ್ರೌಢಶಾಲೆಯ ಆಯ್ಕೆ, ಸಂದರ್ಭ, ಸ್ವಾರಸ್ಯಗಳೇ ಇಲ್ಲಿ ಅಧ್ಯಾಯಗಳಾಗಿ ಬೆಳೆದಿರುತ್ತವೆ. ಹದಿನಾರನೆಯ ವಯಸ್ಸಿನಲ್ಲಿ ಕಲಿಯದ ‘ಏಕೆಂದರೆ’ ಮೂವತ್ತನೆಯ ವಯಸ್ಸಿನಲ್ಲಿ ತಾನಾಗಿ ಬರುವುದಿಲ್ಲ.

ಅಲನ್ ಡಂಡೆಸ್ 1966ರಲ್ಲಿ ಜಾನಪದ ವಿದ್ವಾಂಸರ ಮುಂದೆ ಒಂದು ಬೇಡಿಕೆಯನ್ನಿಟ್ಟನು. ಪಠ್ಯವನ್ನು ಸಂಗ್ರಹಿಸಿದರೆ ಸಾಲದು, ಆ ಪಠ್ಯಕ್ಕೆ ಹಾಡುವವರೂ ಕೇಳುವವರೂ ಹೇಳುವ ಅರ್ಥಗಳನ್ನೂ ಸಂಗ್ರಹಿಸಬೇಕು ಎಂಬುದು ಅದರ ಸಾರ. ಅವನು ಅದನ್ನು ಮೌಖಿಕ ಸಾಹಿತ್ಯ ವಿಮರ್ಶೆ ಎಂದು ಕರೆದನು. ಪಶ್ಚಿಮ ತಾಲೂಕುಗಳ ಸಂಶೋಧಕರಿಗೆ ಈ ಬೇಡಿಕೆಯನ್ನು ಪೂರೈಸುವ ವಿಶೇಷ ಅನುಕೂಲವಿದೆ. ಮೈಲಾರದ ವ್ಯಾಖ್ಯಾನಕಾರರು, ದೊಡ್ಡಾಟದ ಸಾರಥಿಗಳು, ಪುರಾಣದ ಅರ್ಥಕಾರರು ಅವರ ನೆರೆಹೊರೆಯವರು. ಅವರು ಹಾಡನ್ನು ಹೇಗೆ ಅರ್ಥೈಸುತ್ತಾರೆ, ಎಲ್ಲಿ ಭಿನ್ನಾಭಿಪ್ರಾಯ ಹೊಂದುತ್ತಾರೆ, ಯಾವ ಪದವನ್ನು ಹಿಡಿದು ವಾದಿಸುತ್ತಾರೆ ಎಂಬುದರ ದಾಖಲೆಯೂ ಜಾನಪದ ಸಂಗ್ರಹದ ಭಾಗವಾಗಬೇಕು. ಕಾರಣಿಕದ ನುಡಿಗಳು ವರ್ಷವರ್ಷವೂ ಪತ್ರಿಕೆಗಳಲ್ಲಿ ಅಚ್ಚಾಗುತ್ತವೆ. ಅವುಗಳ ಸುತ್ತ ಹುಟ್ಟುವ ವ್ಯಾಖ್ಯಾನಗಳ ಬಹುಪಾಲು ಮಾತ್ರ ಆಡಿದ ಬಾಯಲ್ಲಿಯೇ ಉಳಿದುಹೋಗುತ್ತದೆ.

ತನ್ನ ತೀರ್ಮಾನಕ್ಕೆ ತಾನೇ ಆಧಾರ ಕೊಡಲು ಬಾರದ ವಿದ್ಯಾರ್ಥಿಯು ಬೇರೆಯವರ ತೀರ್ಮಾನಗಳ ವಾಹಕನಾಗಿ ಉಳಿಯುತ್ತಾನೆ. ಅವನ ಊರಿನ ಹಾಡನ್ನು ಕುರಿತು ಹೊರಗಿನವರು ಹೇಳಿದ್ದೇ ಕೊನೆಯ ಮಾತಾಗುತ್ತದೆ. ಆ ಮಾತನ್ನು ಒಪ್ಪಲು ಅಥವಾ ಅಲ್ಲಗಳೆಯಲು ಬೇಕಾದ ಉಪಕರಣ ಅವನ ಕೈಯಲ್ಲಿ ಇರುವುದಿಲ್ಲ. ಸ್ವಾರಸ್ಯವನ್ನು ವಿವರಿಸಿ ಎಂಬ ಹಳೆಯ ಪ್ರಶ್ನೆಯನ್ನು ಕೈಬಿಡುವ ಅಗತ್ಯವೇನೂ ಇಲ್ಲ. ಅದು ಒಳ್ಳೆಯ ಪ್ರಶ್ನೆ. ಅದಕ್ಕೆ ಒಂದು ಪದದ ಆಧಾರದಿಂದ, ಒಂದು ‘ಏಕೆಂದರೆ’ಯ ಸಹಿತವಾಗಿ ಉತ್ತರ ಬರೆಯುವ ಅಭ್ಯಾಸವನ್ನು ಪ್ರೌಢಶಾಲೆಯಿಂದಲೇ ಆರಂಭಿಸುವುದು ಈ ಐದು ತಾಲೂಕುಗಳ ಕನ್ನಡ ಅಧ್ಯಾಪಕರು ಕೂಡಿ ಕೈಗೊಳ್ಳಬಹುದಾದ ಕೆಲಸ. ಅದಕ್ಕೆ ಬೇಕಾದ ಮಾತಿನ ಬಂಡವಾಳ ಈ ನೆಲದಲ್ಲಿ ಈಗಾಗಲೇ ಇದೆ.